ದಕ್ಕೆಯಲ್ಲಿ ಸಿಕ್ಕ ಹಳೆ ಜಿಪಿಎಸ್: ಜಿಯೋಕ್ಯಾಶಿಂಗ್‌ಗೆ ಸಜ್ಜು ಮಾಡುವ ಕೆಲಸ

ಜಿಯೋಕ್ಯಾಶಿಂಗ್ ಎಂದರೆ ಯಾರೋ ಅಡಗಿಸಿಟ್ಟ ಡಬ್ಬವನ್ನು (ಕ್ಯಾಶ್) ಅಕ್ಷಾಂಶ-ರೇಖಾಂಶದ ಅಂಕಿ ಹಿಡಿದು ಹುಡುಕುವ ಆಟ. ಅದಕ್ಕೆಂದು ಹಳೆಯ ಕೈ ಜಿಪಿಎಸ್ ಕೊಳ್ಳುವವರ ಕಣ್ಣು ಮೊದಲು ಸ್ಕ್ರೀನಿಗೆ ಹೋಗುತ್ತದೆ. ಕರಾವಳಿಯಲ್ಲಿ ಮೊದಲು ನೋಡಬೇಕಾದ್ದು ಸೆಲ್ ಹಾಕುವ ಗೂಡು. ಉಪಗ್ರಹದ ಸಿಗ್ನಲ್ ಹಿಡಿಯುವ ಚಿಪ್ ಸತ್ತಿರುವುದು ಅಪರೂಪ. ಮಂಗಳೂರು, ಉಡುಪಿ ಕಡೆ ಈ ಸೆಟ್‌ಗಳನ್ನು ಮುಗಿಸುವುದು ಸೋರಿದ ಸೆಲ್, ಬಿಟ್ಟುಕೊಂಡ ರಬ್ಬರ್, ಉಪ್ಪುಗಾಳಿ ತಿಂದ ಯುಎಸ್‌ಬಿ ಬಾಯಿ. ಮೂರನ್ನೂ ಮನೆಯಲ್ಲೇ ಸರಿಮಾಡಬಹುದು, ಎಷ್ಟು ಒಳಕ್ಕೆ ಇಳಿದಿದೆ ಎಂದು ದುಡ್ಡು ಕೊಡುವ ಮೊದಲು ಗೊತ್ತಾದರೆ.

ಮೊಬೈಲ್ ಇರುವಾಗ ಇದೇಕೆ ಎಂದು ಕೇಳಿದರೆ: ನಿಖರತೆಗಾಗಿ ಅಲ್ಲ. ಈಗಿನ ಒಳ್ಳೆಯ ಮೊಬೈಲ್ ಹಳೆಯ ಸೆಟ್‌ಗಿಂತ ಹಿಂದೆ ಬೀಳುವುದಿಲ್ಲ. ಇದರ ಲಾಭ ಬೇರೆ. ಎರಡು ಪೆನ್ಸಿಲ್ ಸೆಲ್‌ನಲ್ಲಿ ದಿನವಿಡೀ ಓಡುತ್ತದೆ, ಮಧ್ಯಾಹ್ನದ ಬಿಸಿಲಲ್ಲೂ ಸ್ಕ್ರೀನ್ ಕಾಣುತ್ತದೆ, ಕಲ್ಲಿನ ಮೇಲೆ ಬಿದ್ದರೆ ಎದೆ ಧಸಕ್ ಎನ್ನುವುದಿಲ್ಲ. ಕೊಳ್ಳುವ ಮೊದಲು ಜಿಯೋಕ್ಯಾಶಿಂಗ್ ನಕ್ಷೆ ತೆರೆದು ನಿಮ್ಮ ಸುತ್ತ ಎಷ್ಟು ಡಬ್ಬಗಳಿವೆ ನೋಡಿ. ತೀರಾ ಕಡಿಮೆ ಇದ್ದರೆ ಸೆಟ್‌ಗೆ ಹೆಚ್ಚು ಸುರಿಯಬೇಡಿ.

ಯಾವ ಮಾದರಿ

ಹೊಸಬರಿಗೆ ನಮ್ಮ ಆಯ್ಕೆ ಗಾರ್ಮಿನ್ ಇಟ್ರೆಕ್ಸ್ 10. 2011ರಲ್ಲಿ ಬಂದ ಕಪ್ಪು-ಬಿಳುಪು ಸೆಟ್, ಎರಡು ಎಎ ಸೆಲ್‌ನಲ್ಲಿ ಕಂಪನಿ ಹೇಳುವಂತೆ 25 ಗಂಟೆ, ಮಿನಿ ಯುಎಸ್‌ಬಿ, ಜಿಪಿಎಕ್ಸ್ (ಸ್ಥಾನಗಳ ಪಟ್ಟಿ ಇರುವ) ಫೈಲ್ ಓದುತ್ತದೆ. ಅದರಣ್ಣ ಇಟ್ರೆಕ್ಸ್ 20ರಲ್ಲಿ ಬಣ್ಣದ ಸ್ಕ್ರೀನ್, ಮೈಕ್ರೋ ಎಸ್‌ಡಿ ಜಾಗ ಸೇರುತ್ತದೆ. ಎರಡರಲ್ಲೂ ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲ, ಅದು ಇಟ್ರೆಕ್ಸ್ 30ಕ್ಕೆ ಮೀಸಲು. ದಿಕ್ಸೂಚಿ ಇಲ್ಲವೆಂದು ಬೇಡ ಅನ್ನಬೇಕಾಗಿಲ್ಲ; ನಡೆಯುತ್ತಿರುವಾಗ ಬಾಣ ಸರಿಯಾಗಿಯೇ ತೋರಿಸುತ್ತದೆ.

2000ನೇ ಇಸವಿಯ ಮೊದಲ ಹಳದಿ ಇಟ್ರೆಕ್ಸ್ ತೀರಾ ಅಗ್ಗಕ್ಕೆ ಸಿಕ್ಕರೆ ಮಾತ್ರ. ಅದರ ನಾಲ್ಕು ಪಿನ್ನಿನ ಸೀರಿಯಲ್ ಕೇಬಲ್ ಹುಡುಕುವುದೇ ಒಂದು ಕೆಲಸ. ಕೇಬಲ್ ಇಲ್ಲದಿದ್ದರೆ ಪ್ರತಿ ಅಂಕಿಯನ್ನೂ ಬಟನ್ ಒತ್ತಿ ತುಂಬಬೇಕು. ವೇಪಾಯಿಂಟ್, ಅಂದರೆ ಸೆಟ್‌ನಲ್ಲಿ ಉಳಿಸಿದ ಸ್ಥಾನದ ಹೆಸರಿಗೆ ಆರೇ ಅಕ್ಷರ. ಈಗಿನ ಕ್ಯಾಶ್ ಸಂಖ್ಯೆಗಳು ಮೊದಲಿಗೆ ಬರುವ ಜಿಸಿ ಸೇರಿ ಏಳು ಅಕ್ಷರ ಆಗುವುದರಿಂದ ಜಿಸಿ ಬಿಟ್ಟು ಉಳಿದದ್ದನ್ನು ಬರೆಯಬೇಕಾಗುತ್ತದೆ.

ಮಂಗಳೂರು ದಕ್ಕೆ, ಮಲ್ಪೆ ಬಂದರಿನ ಕಡೆಯಿಂದ ಬರುವವು ಇನ್ನೊಂದು ಜಾತಿ: ದೋಣಿಗಳಲ್ಲಿ ದುಡಿದ ಜಿಪಿಎಸ್ 72ಎಚ್, ಜಿಪಿಎಸ್‌ಮ್ಯಾಪ್ 78ಎಸ್ ತರಹದವು. ನೀರಿಗೆ ಬಿದ್ದರೆ ತೇಲುತ್ತವೆ. 78ಎಸ್ ಜಿಪಿಎಕ್ಸ್ ಓದುತ್ತದೆ, ಕಾರ್ಡ್ ಹಾಕಬಹುದು, ಬೆಲೆ ಹೊಂದಿದರೆ ಬಿಡಬೇಡಿ. 72ಎಚ್‌ಗೆ ಫೈಲ್ ಎಳೆದು ಹಾಕಲು ಬರುವುದಿಲ್ಲ, ಜಿಪಿಎಸ್‌ಬೇಬಲ್ ಎಂಬ ಕಂಪ್ಯೂಟರ್ ತಂತ್ರಾಂಶದ ಮೂಲಕ ವೇಪಾಯಿಂಟ್ ತುಂಬಬೇಕು. ದೋಣಿಯ ಸೆಟ್‌ನಲ್ಲಿ ಹಳೆಯ ಯಜಮಾನರು ಮೀನು ಸಿಗುವ ಜಾಗಗಳನ್ನು ಗುರುತು ಮಾಡಿರುತ್ತಾರೆ. ಅದು ಅವರ ವರ್ಷಗಳ ಸಂಪಾದನೆ. ಅಳಿಸುವ ಮೊದಲು ಒಂದು ಪ್ರತಿ ಬೇಕೇ ಎಂದು ಕೇಳುವುದು ಮರ್ಯಾದೆ.

ಮುಟ್ಟಬಾರದ ಒಂದು ವರ್ಗವಿದೆ: ಇನ್‌ರೀಚ್ ಎಂದು ಬರೆದವು, ಜಿಪಿಎಸ್‌ಮ್ಯಾಪ್ 66ಐ ತರಹದವು. ಇವು ಉಪಗ್ರಹದಿಂದ ಕೇಳುವುದಷ್ಟೇ ಅಲ್ಲ, ಇರಿಡಿಯಮ್ ಉಪಗ್ರಹಕ್ಕೆ ಸಂದೇಶ ಕಳಿಸುತ್ತವೆ ಕೂಡ. ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಇಂಥವನ್ನು ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಬರೀ ಸಿಗ್ನಲ್ ಹಿಡಿಯುವ ಮಾಮೂಲಿ ಜಿಪಿಎಸ್‌ಗೆ ಈ ತಕರಾರಿಲ್ಲ. ಹಾಗೆಯೇ ಹಳೆಯ ಇಟ್ರೆಕ್ಸ್‌ಗೆ ‘ನಾವಿಕ್ ಬರುತ್ತದೆ’, ಅಂದರೆ ಭಾರತದ ಸ್ವಂತ ಉಪಗ್ರಹಗಳ ಸಿಗ್ನಲ್ ಹಿಡಿಯುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ, ಅದು ಬರುವ ಸೆಟ್ ಇದಲ್ಲ.

ಕೊಳ್ಳುವ ಜಾಗದಲ್ಲಿ

ಜೊತೆಗೆ ಒಯ್ಯಬೇಕಾದ್ದು: ಚಾರ್ಜ್ ಮಾಡಿದ ಎರಡು ಎಎ ನಿಕಲ್ ಮೆಟಲ್ ಹೈಡ್ರೈಡ್ ಸೆಲ್, ಡೇಟಾ ಹೋಗುವ ಮಿನಿ ಯುಎಸ್‌ಬಿ ಕೇಬಲ್, ಲ್ಯಾಪ್‌ಟಾಪ್, ಟಾರ್ಚ್, ಒಂದೆರಡು ಕಿವಿ ಹತ್ತಿಕಡ್ಡಿ. ಮಾರುವವರ ಸೆಲ್ ಹಾಕಿ ನೋಡಬೇಡಿ. ಸೆಟ್ ಆಫ್ ಆದರೆ ತಪ್ಪು ಸೆಲ್‌ನದೋ ಸೆಟ್‌ನದೋ ಎಂಬ ವಾದ ಮುಗಿಯುವುದೇ ಇಲ್ಲ.

ಹಿಂಬದಿಯ ಡಿ ಆಕಾರದ ಬಳೆಯನ್ನು ಎಡಕ್ಕೆ ತಿರುಗಿಸಿ ಬಾಗಿಲು ತೆಗೆದು ಒಳಗೆ ಟಾರ್ಚ್ ಹಿಡಿಯಿರಿ. ಸ್ಪ್ರಿಂಗ್ ಬುಡದಲ್ಲಿ ಬಿಳಿ ಪುಡಿ ಇದ್ದರೆ ತೊಂದರೆಯಿಲ್ಲ, ತೊಳೆದರೆ ಹೋಗುತ್ತದೆ. ಹಸಿರು ಅಥವಾ ಕಪ್ಪು ಕಲೆ ಸ್ಪ್ರಿಂಗ್ ತಂತಿಯ ದಪ್ಪವನ್ನೇ ತಿಂದಿದ್ದರೆ ಬೆಲೆ ಅರ್ಧಕ್ಕೆ ಇಳಿಯಬೇಕು. ಪುಡಿ ಸ್ಪ್ರಿಂಗ್ ದಾಟಿ ಪ್ಲಾಸ್ಟಿಕ್ ಗೋಡೆಯ ಸಂದಿನೊಳಗೆ ಹೋಗಿದ್ದರೆ ಅದು ಬೋರ್ಡಿಗೂ ತಲುಪಿರಬಹುದು. ಅಂಥದ್ದನ್ನು ಬಿಡಿಭಾಗದ ರೇಟಿಗೆ ಕೊಟ್ಟರೆ ಮಾತ್ರ ತೆಗೆದುಕೊಳ್ಳಿ.

ಸೆಲ್ ಹಾಕಿ, ಬಾಗಿಲು ಮುಚ್ಚಿ, ಆನ್ ಮಾಡಿ, ಸ್ಕ್ರೀನಿನ ಬೆಳಕನ್ನು ಪೂರ್ತಿ ಏರಿಸಿ, ಅಂಗೈಗೆ ನಾಲ್ಕು ಸಲ ತಟ್ಟಿ. ಆಫ್ ಆದರೆ ಸೆಲ್ ಸಂಪರ್ಕ ಸಡಿಲ. ಗುಂಡಿ ಕೋಲನ್ನು (ಜಾಯ್‌ಸ್ಟಿಕ್) ಮೇಲೆ, ಕೆಳಗೆ, ಎಡ, ಬಲ, ಒಳಕ್ಕೆ ಹೀಗೆ ಐದೂ ಕಡೆ ಒತ್ತಿ ನೋಡಿ. ಸ್ಕ್ರೀನಿನಲ್ಲಿ ಗೆರೆ ಬಿಟ್ಟಿದ್ದರೆ ಕೊಳ್ಳಬೇಡಿ, ಗೀರು ಇದ್ದರೆ ಪರವಾಗಿಲ್ಲ.

ಇನ್ನು ಹೊರಗೆ ಬನ್ನಿ. ಅಂಗಡಿಯೊಳಗೆ ಹಂಚಿನ ಮಾಡಿನಡಿಯಲ್ಲಿ ‘ಸಿಗ್ನಲ್ ಬರ್ತದೆ, ಎಲ್ಲ ಸರಿ ಉಂಟು ಮಾರ್ರೆ’ ಅಂದರೆ ಅದಕ್ಕೆ ಬೆಲೆಯಿಲ್ಲ. ಬಯಲಲ್ಲಿ ಸೆಟ್ ಇಟ್ಟು ಕಾಯಬೇಕು. ವರ್ಷಗಟ್ಟಲೆ ಮಲಗಿದ್ದ ಅಥವಾ ಬೇರೆ ದೇಶದಲ್ಲಿದ್ದ ಸೆಟ್‌ಗೆ ಉಪಗ್ರಹಗಳ ಪಟ್ಟಿ ಹಳಸಿರುತ್ತದೆ. ಆ ಪಟ್ಟಿ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು, ಯಾಕೆಂದರೆ ಉಪಗ್ರಹ ಅದನ್ನು 30 ಸೆಕೆಂಡಿಗೊಂದರಂತೆ 25 ಕಂತುಗಳಲ್ಲಿ ಕಳಿಸುತ್ತದೆ. ಹಾಗಾಗಿ ಮೊದಲ ಸಲ ಇಪ್ಪತ್ತು ನಿಮಿಷ ಕೊಡಿ. ಆಮೇಲೆ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಒಂದು ನಿಮಿಷದ ಆಸುಪಾಸಿನಲ್ಲಿ ಸ್ಥಾನ ತೋರಿಸಬೇಕು. ಎರಡನೇ ಸಲವೂ ಅಷ್ಟೇ ಹೊತ್ತು ತೆಗೆದುಕೊಂಡರೆ, ಹಳೆಯ ಮಾದರಿಗಳಲ್ಲಿ ಒಳಗಿನ ಚಿಕ್ಕ ಬ್ಯಾಕಪ್ ಸೆಲ್ ಸತ್ತಿದೆ ಎಂದು ಅನುಮಾನಿಸಿ.

ತಾರೀಕು ತಪ್ಪಾಗಿ ತೋರಿಸಿದರೆ ಹೆದರಬೇಡಿ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಸೊನ್ನೆಗೆ ಮರಳುತ್ತದೆ. ಹೀಗೆ ಮರಳಿದ್ದು 1999ರ ಆಗಸ್ಟ್‌ನಲ್ಲೊಮ್ಮೆ, 2019ರ ಏಪ್ರಿಲ್‌ನಲ್ಲೊಮ್ಮೆ. ಹಳೆಯ ಫರ್ಮ್‌ವೇರ್ (ಸೆಟ್‌ನ ಒಳಗಿನ ತಂತ್ರಾಂಶ) ಇದನ್ನು ಅರಿಯದೆ ಹತ್ತೊಂಬತ್ತೂವರೆ ವರ್ಷಕ್ಕೂ ತುಸು ಹಿಂದಿನ ತಾರೀಕು ಹೇಳುತ್ತದೆ. ಸ್ಥಾನ ಸರಿಯಾಗಿಯೇ ಇರುತ್ತದೆ. ಕೆಡುವುದು ಸೂರ್ಯೋದಯದ ಲೆಕ್ಕ ಮತ್ತು ನಡೆದ ದಾರಿಯ ದಾಖಲೆಯ ತಾರೀಕು. ಜಿಯೋಕ್ಯಾಶಿಂಗ್‌ಗೆ ಇದು ಅಡ್ಡಿಯಲ್ಲ, ಚೌಕಾಸಿಗೆ ಮಾತ್ರ ಒಳ್ಳೆಯ ಕಾರಣ.

ಸೆಲ್ ಗೂಡಿನ ಕೆಲಸ

ಇದೇ ಮುಖ್ಯ ಕೆಲಸ, ಅವಸರ ಮಾಡಬಾರದು. ಬೇಕಾದ್ದು: ಬಿಳಿ ವಿನೆಗರ್ ಎರಡು ಚಮಚ (ಇಲ್ಲದಿದ್ದರೆ ಲಿಂಬೆರಸ), ಅಡುಗೆ ಸೋಡಾ, ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿಕಡ್ಡಿ, ಹಳೆಯ ಟೂತ್‌ಬ್ರಶ್, 1000 ನಂಬರಿನ ಪಾಲಿಶ್ ಕಾಗದದ ಒಂದು ಚೂರು.

ಸೋರಿದ್ದು ಯಾವ ಸೆಲ್ ಎಂಬುದರ ಮೇಲೆ ಮದ್ದು ನಿಂತಿದೆ. ಆಲ್ಕಲೈನ್ ಸೆಲ್‌ನಿಂದ ಹೊರಬರುವುದು ಕ್ಷಾರ, ಅದಕ್ಕೆ ಹುಳಿ ಬೇಕು. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಕಾರ್ಬನ್-ಜಿಂಕ್ ಸೆಲ್ ಸೋರಿದರೆ ಬರುವುದು ಆಮ್ಲೀಯ ದ್ರವ. ಅದಕ್ಕೆ ವಿನೆಗರ್ ಹಚ್ಚಿದರೆ ಗಾಯಕ್ಕೆ ಉಪ್ಪು ಹಾಕಿದಂತೆ. ಅಲ್ಲಿ ಅರ್ಧ ಲೋಟ ಡಿಸ್ಟಿಲ್ಡ್ ವಾಟರ್‌ಗೆ ಒಂದು ಚಮಚ ಸೋಡಾ. ಯಾವುದೆಂದು ಗೊತ್ತಿಲ್ಲದಿದ್ದರೆ ಹತ್ತಿಕಡ್ಡಿಯಿಂದ ಪುಡಿಯನ್ನು ಒಂದಿಷ್ಟು ಹೊರತೆಗೆದು ಅದರ ಮೇಲೆ ವಿನೆಗರ್ ಹನಿ ಬಿಡಿ. ನೊರೆ ಎದ್ದರೆ ಆಲ್ಕಲೈನ್. ಸೋರಿದ ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗಿರುತ್ತದೆ, ನೊರೆ ಅದರದ್ದು. ದೋಣಿಯ ಸೆಟ್‌ನಲ್ಲಿ ಪುಡಿ ಬರೀ ಸಮುದ್ರದ ಉಪ್ಪೂ ಆಗಿರಬಹುದು. ಅದು ನೊರೆಯದೆ ನೀರಲ್ಲಿ ಕರಗಿ ಹೋಗುತ್ತದೆ.

ಹತ್ತಿಕಡ್ಡಿ ಒದ್ದೆ ಇರಲಿ, ತೊಟ್ಟಿಕ್ಕಬಾರದು. ಸೆಟ್ಟನ್ನು ಸ್ಪ್ರಿಂಗ್ ಕೆಳಗೆ ಬರುವಂತೆ ಓರೆ ಹಿಡಿದು ಉಜ್ಜಿ, ಕೊಳೆನೀರು ಹೊರಕ್ಕೆ ಹರಿಯಬೇಕು, ಒಳಕ್ಕಲ್ಲ. ಪುಡಿ ಕರಗಿದ ಮೇಲೆ ಡಿಸ್ಟಿಲ್ಡ್ ವಾಟರ್ ಅದ್ದಿದ ಕಡ್ಡಿಯಿಂದ ಎರಡು-ಮೂರು ಸಲ ಒರೆಸಿ, ಕೊನೆಗೆ ಆಲ್ಕೋಹಾಲ್. ಬಾವಿ ನೀರು ಬೇಡ, ಅದರಲ್ಲಿನ ಲವಣ ಅಲ್ಲೇ ಉಳಿಯುತ್ತದೆ. ಫ್ಯಾನ್ ಗಾಳಿಯಲ್ಲಿ ಒಂದು ರಾತ್ರಿ ಒಣಗಲಿ.

ಪಾಲಿಶ್ ಕಾಗದ ಕೊನೆಯ ಉಪಾಯ. ಸ್ಪ್ರಿಂಗ್ ಮೇಲಿರುವುದು ತೆಳ್ಳಗಿನ ನಿಕಲ್ ಲೇಪ. ಅದನ್ನು ಉಜ್ಜಿ ತೆಗೆದರೆ ಇವತ್ತು ಹೊಳೆಯುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಂಪು ತುಕ್ಕು. ಕಪ್ಪು ಉಳಿದ ಬಿಂದುವಿಗೆ ಮಾತ್ರ, ಸೆಲ್ ತಾಗುವ ತುದಿಗೆ ಮಾತ್ರ. ಲೇಪ ಪೂರ್ತಿ ಹೋಗಿದ್ದರೆ ಬ್ಯಾಟರಿ ಪ್ಯಾಕ್ ಕಟ್ಟುವವರ ಹತ್ತಿರ ಸಿಗುವ ತೆಳು ನಿಕಲ್ ಪಟ್ಟಿಯಿಂದ 5 ಮಿಲಿಮೀಟರ್ ಅಗಲದ ತುಂಡು ಕತ್ತರಿಸಿ, ತಗಡಿನ ಮೇಲೆ ಮಡಚಿ ಕೂರಿಸಿ. ಸಿಗರೇಟು ಪ್ಯಾಕಿನ ಅಲ್ಯೂಮಿನಿಯಂ ಹಾಳೆ ತುರುಕುವ ಪದ್ಧತಿ ಕರಾವಳಿಗೆ ಆಗಿಬರುವುದಿಲ್ಲ. ಉಪ್ಪಿನ ತೇವದಲ್ಲಿ ಎರಡು ಬೇರೆ ಲೋಹ ತಾಗಿಕೊಂಡರೆ ಕೊರೆತ ಇನ್ನೂ ಬೇಗ.

ಸರಿಯಾಯಿತೇ ಎಂದು ಕಣ್ಣಲ್ಲಿ ನೋಡಿ ಹೇಳಬೇಡಿ, ಮಲ್ಟಿಮೀಟರ್ ಹಿಡಿಯಿರಿ. 25 ಗಂಟೆ ಓಡುವ ಸೆಟ್ 2000ದಿಂದ 2500 ಮಿಲಿಆಂಪ್-ಅವರ್ ಸೆಲ್‌ನಿಂದ ಎಳೆಯುವುದು ಸುಮಾರು 100 ಮಿಲಿಆಂಪ್, ಬೆಳಕು ಹಚ್ಚಿದರೆ ಇನ್ನೂ ಹೆಚ್ಚು. ಸಂಪರ್ಕದಲ್ಲಿ 1 ಓಮ್ ತಡೆ ಉಳಿದಿದ್ದರೂ 0.1 ವೋಲ್ಟ್ ಅಲ್ಲೇ ಹೋಯಿತು. ಸೆಲ್ ಅರ್ಧ ಇರುವಾಗಲೇ ಸೆಟ್ ‘ಬ್ಯಾಟರಿ ಲೋ’ ಎಂದು ಮಲಗುವುದು ಇದರಿಂದ. ಬಾಗಿಲಿಲ್ಲದೆಯೂ ಸೆಲ್ ನಿಲ್ಲುವ ಮಾದರಿಯಾದರೆ, ಸೆಟ್ ಆನ್ ಇರುವಾಗ ಒಂದು ಮುಳ್ಳು ಸೆಲ್‌ನ ತುದಿಗೆ, ಇನ್ನೊಂದು ಅದು ಒತ್ತಿಕೊಂಡಿರುವ ತಗಡಿಗೆ. 20 ಮಿಲಿವೋಲ್ಟ್ ಒಳಗಿದ್ದರೆ ಚೊಕ್ಕ, 50 ದಾಟಿದರೆ ಮತ್ತೆ ಒರೆಸಿ. ಸ್ಪ್ರಿಂಗ್ ಮೆತ್ತಗಾಗಿದ್ದರೆ ಇಕ್ಕಳದಿಂದ ಒಂದು ಮಿಲಿಮೀಟರ್ ಹೊರಕ್ಕೆ ಎಳೆಯಿರಿ, ಅದಕ್ಕಿಂತ ಹೆಚ್ಚು ಎಳೆದರೆ ಬಾಗಿಲು ಕೂರುವುದಿಲ್ಲ.

ರಬ್ಬರ್, ಬಾಗಿಲು, ತೇವ

ಹಳೆಯ ಇಟ್ರೆಕ್ಸ್ ಲೆಜೆಂಡ್, ವಿಸ್ಟಾ ಮಾದರಿಗಳಲ್ಲಿ ಸುತ್ತಲಿನ ರಬ್ಬರ್ ಪಟ್ಟಿ ಅಂಟು ಕರಗಿ ಜಾರುವುದು ಮಾಮೂಲು ರೋಗ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಲ್ಲಿ ಬಿಟ್ಟರೆ ಬೇಗ ಬರುತ್ತದೆ. ಪಟ್ಟಿ ಬಿಚ್ಚಿ, ಎರಡೂ ಕಡೆಯ ಹಳೆಯ ಅಂಟನ್ನು ಆಲ್ಕೋಹಾಲ್‌ನಿಂದ ಉಜ್ಜಿ ತೆಗೆದು, ಮೊಬೈಲ್ ಡಿಸ್‌ಪ್ಲೇ ಅಂಟಿಸುವ ಬಿ-7000 ಗಮ್ ತೆಳ್ಳಗೆ ಎಳೆದು, ಐದು ನಿಮಿಷ ಬಿಟ್ಟು ಕೂರಿಸಿ. ಮೇಲೆ ರಬ್ಬರ್ ಬ್ಯಾಂಡ್ ಬಿಗಿದು ಒಂದು ದಿನ ಇಡಿ. ಬಟನ್‌ಗಳ ಹತ್ತಿರ ಗಮ್ ಹಾಕಬೇಡಿ. ಫೆವಿಕ್ವಿಕ್ ಬೇಡವೇ ಬೇಡ: ಗಟ್ಟಿಯಾಗಿ ಬಿರುಕು ಬಿಡುತ್ತದೆ, ಮತ್ತೊಮ್ಮೆ ಬಿಚ್ಚಬೇಕಾದಾಗ ರಬ್ಬರೇ ಹರಿದು ಬರುತ್ತದೆ.

ಬಾಗಿಲಿನ ಸೀಲ್‌ಗೆ ಸಿಲಿಕೋನ್ ಗ್ರೀಸ್ ಬೆರಳ ತುದಿಯಲ್ಲಿ ಹತ್ತುವಷ್ಟು. ವ್ಯಾಸಲೀನ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ತೆಂಗಿನೆಣ್ಣೆ ಅಂಟಂಟಾಗಿ ಮರಳು ಹಿಡಿಯುತ್ತದೆ. ಎಲ್ಲಕ್ಕೂ ತೆಂಗಿನೆಣ್ಣೆ ಎನ್ನುವ ನಮ್ಮೂರ ನಂಬಿಕೆಗೆ ಇಲ್ಲೊಂದು ವಿನಾಯಿತಿ ಕೊಡಬೇಕು.

ಸೀಲ್ ಪರೀಕ್ಷೆ ಹೀಗೆ: ಸೆಲ್ ತೆಗೆದು, ಗೂಡಿನಲ್ಲಿ ಟಿಶ್ಯೂ ಕಾಗದ ತುಂಬಿ, ಬಾಗಿಲು ಮತ್ತು ಯುಎಸ್‌ಬಿ ಮುಚ್ಚಳ ಭದ್ರ ಮಾಡಿ, ಬಕೆಟ್ ನೀರಲ್ಲಿ ಒಂದು ಗೇಣು ಆಳಕ್ಕೆ ಹತ್ತು ನಿಮಿಷ. ಹೊಸದಿದ್ದಾಗ ಐಪಿಎಕ್ಸ್7, ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ತಾಳುವ ಸೆಟ್ ಇದು. ಹಳೆಯದಕ್ಕೆ ಅಷ್ಟು ಪರೀಕ್ಷೆ ಮಾಡುವ ಧೈರ್ಯ ಬೇಡ. ಯುಎಸ್‌ಬಿ ಮುಚ್ಚಳ ಹರಿದಿದ್ದರೆ ಈ ಪರೀಕ್ಷೆಯನ್ನೇ ಬಿಟ್ಟುಬಿಡಿ. ಕಾಗದ ಒಣಗಿದ್ದರೆ ಬಾಗಿಲು ಸರಿ ಎಂದಷ್ಟೇ ಅರ್ಥ. ಗಾಜಿನ ಒಳಬದಿ ಮಂಜು ಕಟ್ಟಿದರೆ ನೀರು ಬೇರೆಲ್ಲಿಂದಲೋ ಹೋಗಿದೆ. ಆಗ ಬಾಗಿಲು, ಮುಚ್ಚಳ ತೆರೆದು, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿ ಎರಡು ದಿನ ಇಡಿ. ಕುಚ್ಚಲಕ್ಕಿ ಡಬ್ಬದಲ್ಲಿ ಹೂತರೆ ಒಣಗುವುದಕ್ಕಿಂತ ತೌಡು ತುಂಬುವುದೇ ಹೆಚ್ಚು. ಸೆಟ್ಟಿನ ದೇಹವನ್ನೇ ಬಿಚ್ಚುವುದು ಬೇಡ. ಕಂಪನಿಯ ಸೀಲ್ ಒಮ್ಮೆ ಒಡೆದರೆ ಮನೆಯ ಗಮ್ಮು ಆ ಮಟ್ಟಕ್ಕೆ ಬರುವುದಿಲ್ಲ.

ಕಂಪ್ಯೂಟರಿಗೆ

ಕೇಬಲ್ ಚುಚ್ಚಿದರೆ ಸೆಟ್ ಆನ್ ಆಗುತ್ತದೆ, ಆದರೆ ಕಂಪ್ಯೂಟರಿನಲ್ಲಿ ಡ್ರೈವ್ ಕಾಣುವುದಿಲ್ಲ ಎಂದರೆ ಹತ್ತರಲ್ಲಿ ಒಂಬತ್ತು ಸಲ ಕೇಬಲ್ ಚಾರ್ಜಿಂಗ್‌ನದ್ದು, ಡೇಟಾ ತಂತಿಗಳೇ ಇಲ್ಲದ್ದು. ಹಳೆಯ ಕ್ಯಾಮೆರಾದ ಮಿನಿ ಯುಎಸ್‌ಬಿ ಕೇಬಲ್ ಒಳ್ಳೆಯದು. ಬಾಯಿಯ ಒಳಗೆ ಹಸಿರು ಇದ್ದರೆ ಆಲ್ಕೋಹಾಲ್ ಮತ್ತು ಟೂತ್‌ಬ್ರಶ್‌ನ ಎರಡೇ ಎಳೆ. ಸೂಜಿ ಹಾಕಿದರೆ ಪಿನ್ ಬಾಗುತ್ತದೆ. ಈ ಸೆಟ್ ಯುಎಸ್‌ಬಿಯಿಂದ ಸೆಲ್ ಚಾರ್ಜ್ ಮಾಡುವುದಿಲ್ಲ, ಬೇರೆ ಚಾರ್ಜರ್ ಬೇಕು. ಮೊದಲು ಫರ್ಮ್‌ವೇರ್ ಹೊಸದು ಮಾಡಿ, ತುಂಬಿದ ಸೆಲ್ ಹಾಕಿಕೊಂಡೇ. ಆಮೇಲೆ ಜಿಪಿಎಕ್ಸ್ ಫೈಲನ್ನು ಗಾರ್ಮಿನ್ ಫೋಲ್ಡರಿನ ಒಳಗಿನ ಜಿಪಿಎಕ್ಸ್ ಫೋಲ್ಡರಿಗೆ ಹಾಕಿ, ಇಜೆಕ್ಟ್ ಮಾಡಿಯೇ ಕೇಬಲ್ ಕೀಳಿ. ಅರ್ಧ ಬರೆದ ಫೈಲ್ ಉಳಿದರೆ ಸೆಟ್ ಆನ್ ಆಗುವಾಗಲೇ ಸಿಕ್ಕಿಕೊಳ್ಳಬಹುದು. ಇಟ್ರೆಕ್ಸ್ 20 ಇದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ಗಾರ್ಮಿನ್ ನಕ್ಷೆಯನ್ನು ಎಫ್‌ಎಟಿ32 ಮಾಡಿದ ಕಾರ್ಡಿನಲ್ಲಿ ಗಾರ್ಮಿನ್ ಎಂಬ ಫೋಲ್ಡರ್ ಮಾಡಿ ಹಾಕಬಹುದು.

ಸೆಟ್ಟಿಂಗ್

ಅಂಕಿಯ ರೂಪ ಡಿಗ್ರಿ ಮತ್ತು ದಶಮಾಂಶ ನಿಮಿಷ ಇರಲಿ. ಜಿಯೋಕ್ಯಾಶಿಂಗ್ ಪುಟದಲ್ಲಿ ಬರುವುದು ಅದೇ ರೂಪ. ಇಲ್ಲಿ ಎಡವುವವರೇ ಹೆಚ್ಚು. ಉತ್ತರ 12° 52′ 30″ ಅಂದರೆ 12° 52.500′. ಅದನ್ನು 52.300 ಎಂದು ತುಂಬಿದರೆ 370 ಮೀಟರ್ ದಕ್ಷಿಣದಲ್ಲಿ ಹುಡುಕುತ್ತಿರುತ್ತೀರಿ. ದಶಮಾಂಶದ ಮೂರನೇ ಅಂಕಿ ಒಂದು ಏರಿದರೆ ನೆಲದ ಮೇಲೆ ಸುಮಾರು 1.85 ಮೀಟರ್ ಎಂದು ನೆನಪಿರಲಿ. ಅಮೆರಿಕದಿಂದ ಬಂದ ಸೆಟ್ ರೇಖಾಂಶಕ್ಕೆ ಪಶ್ಚಿಮದ ಡಬ್ಲ್ಯು ಇಟ್ಟಿರುತ್ತದೆ. ಅದನ್ನು ಇ ಮಾಡದೆ ಮಂಗಳೂರಿನ 74° 50′ ತುಂಬಿದರೆ ಗುರಿ ಕೊಲಂಬಿಯಾದ ಉತ್ತರಕ್ಕೆ ಕೆರಿಬಿಯನ್ ಸಮುದ್ರದಲ್ಲಿ. ದೂರ ಹದಿನೈದೂವರೆ ಸಾವಿರ ಕಿಲೋಮೀಟರ್ ತೋರಿಸಿದರೆ ಕಾರಣ ಇದೇ.

ಡೇಟಮ್, ಅಂದರೆ ಅಕ್ಷಾಂಶ-ರೇಖಾಂಶ ಅಳೆಯುವ ಆಧಾರ, ಡಬ್ಲ್ಯುಜಿಎಸ್ 84 ಇರಲಿ. ಯಾರಾದರೂ ಹಳೆಯ ಸರ್ವೆ ನಕ್ಷೆಗೆಂದು ಇಂಡಿಯನ್ ಡೇಟಮ್ ಹಾಕಿಟ್ಟಿದ್ದರೆ ಪ್ರತಿ ಗುರಿಯೂ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ತಪ್ಪುತ್ತದೆ. ದೋಣಿಯ ಸೆಟ್‌ನಲ್ಲಿ ದೂರ ನಾಟಿಕಲ್ ಮೈಲಿಯಲ್ಲಿರುತ್ತದೆ, ಮೆಟ್ರಿಕ್ ಮಾಡಿ. ಉತ್ತರ ದಿಕ್ಕನ್ನು ‘ಟ್ರೂ’ಗೆ ಬದಲಿಸಿ. ಬ್ಯಾಟರಿ ಬಗೆ ನಿಕಲ್ ಮೆಟಲ್ ಹೈಡ್ರೈಡ್ ಎಂದು ಹೇಳದಿದ್ದರೆ ಅಳತೆಗೆರೆ ತುಂಬಿದ ಸೆಲ್‌ಗೂ ಅರ್ಧ ತೋರಿಸುತ್ತದೆ, ಏಕೆಂದರೆ ಆ ಸೆಲ್ 1.2 ವೋಲ್ಟಿನದು, ಆಲ್ಕಲೈನ್ 1.5ರದು. ವಾಸ್, ಅಂದರೆ ಬೇರೆ ಉಪಗ್ರಹದಿಂದ ತಿದ್ದುಪಡಿ ಪಡೆದು ಸ್ಥಾನವನ್ನು ಇನ್ನಷ್ಟು ನಿಖರ ಮಾಡುವ ಆಯ್ಕೆ, ಅಮೆರಿಕದ್ದು. ನಮ್ಮಲ್ಲಿ ಅದೇ ಕೆಲಸಕ್ಕೆ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರದ ಗಗನ್ ಇದೆ. ಆಯ್ಕೆ ಆನ್ ಮಾಡಿ ಬಯಲಲ್ಲಿ ಹತ್ತು ನಿಮಿಷ ಬಿಟ್ಟು, ಉಪಗ್ರಹದ ಕಂಬಗಳ ಮೇಲೆ ಡಿ ಅಕ್ಷರ ಮೂಡಿದರೆ ಹಾಗೇ ಇರಲಿ, ಮೂಡದಿದ್ದರೆ ಆಫ್ ಮಾಡಿ ಸೆಲ್ ಉಳಿಸಿ.

ಬಯಲಲ್ಲಿ ಪರೀಕ್ಷೆ

ನೆಹರೂ ಮೈದಾನವೋ ಮಲ್ಪೆ ಬೀಚೋ, ಆಕಾಶ ತೆರೆದಿರುವ ಕಡೆ ಮತ್ತೆ ಗುರುತಿಸಬಹುದಾದ ಒಂದು ಬಿಂದು ಆರಿಸಿ. ವೇಪಾಯಿಂಟ್ ಆವರೇಜಿಂಗ್ (ಹಲವು ಅಳತೆಗಳ ಸರಾಸರಿ) ಹಾಕಿ, ನೂರು ಶೇಕಡ ಬರುವವರೆಗೆ ಸೆಟ್ ಅಲ್ಲಾಡಿಸಬೇಡಿ. ಗಾರ್ಮಿನ್ ಕೈಪಿಡಿ ಹೇಳುವುದು ನಾಲ್ಕರಿಂದ ಎಂಟು ಸಲ, ನಡುವೆ ಕನಿಷ್ಠ 90 ನಿಮಿಷ ಬಿಟ್ಟು. ಉಪಗ್ರಹಗಳು ಜಾಗ ಬದಲಿಸಿದ ಮೇಲೆ ತೆಗೆದ ಅಳತೆ ಮಾತ್ರ ಹೊಸ ಮಾಹಿತಿ ಕೊಡುತ್ತದೆ. ಮರುದಿನ ಬಂದು ನೋಡಿದಾಗ ವ್ಯತ್ಯಾಸ 5 ಮೀಟರ್ ಒಳಗಿದ್ದರೆ ಸೆಟ್ ಆರೋಗ್ಯವಾಗಿದೆ. ಪರೀಕ್ಷೆ ಬೆಳಿಗ್ಗೆಯೇ ಮಾಡಿ. ನಾವಿರುವುದು ಭೂಕಾಂತೀಯ ಸಮಭಾಜಕಕ್ಕೆ ಹತ್ತಿರ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ಸಂಜೆಗಳಲ್ಲಿ ಅಯಾನುಗೋಳ ಕಲಕಿ ಸಿಗ್ನಲ್ ಮಿನುಗುತ್ತದೆ, ಸೂರ್ಯನ ಚಟುವಟಿಕೆ ಜೋರಿರುವ ವರ್ಷಗಳಲ್ಲಿ ಇನ್ನೂ ಹೆಚ್ಚು. ಒಂದೇ ತರಂಗಾಂತರ ಹಿಡಿಯುವ ಹಳೆ ಸೆಟ್‌ಗೆ ಅದನ್ನು ತಿದ್ದಿಕೊಳ್ಳಲು ದಾರಿಯಿಲ್ಲ.

ಹಿಡಿಯುವ ಬಗೆಯೂ ಮುಖ್ಯ. ಇಟ್ರೆಕ್ಸ್‌ನ ಆಂಟೆನಾ ಚಪ್ಪಟೆ ಬಿಲ್ಲೆ, ಅಂಗೈಯಲ್ಲಿ ಮಲಗಿಸಿ ಹಿಡಿಯಬೇಕು. 78ಎಸ್‌ನದು ಸುರುಳಿ, ಅದನ್ನು ನೆಟ್ಟಗೆ. ಅಡಿಕೆ ತೋಟದೊಳಗೆ, ಅದೂ ಮಳೆ ನಿಂತು ಸೋಗೆ ತೊಟ್ಟಿಕ್ಕುವಾಗ, ಒದ್ದೆ ಎಲೆ ಸಿಗ್ನಲನ್ನು ಹೀರುತ್ತದೆ. ಹಂಪನಕಟ್ಟೆಯ ಕಟ್ಟಡಗಳ ನಡುವೆ ತೊಂದರೆ ಬೇರೆ: ಗೋಡೆಗೆ ಬಡಿದು ಬಂದ ಸಿಗ್ನಲನ್ನು ಸೆಟ್ ನಂಬಿ ಇಪ್ಪತ್ತು ಮೀಟರ್ ಆಚೆ ಹಾರುತ್ತದೆ.

ಗುರಿ 30 ಮೀಟರ್ ಇರುವಾಗ ನಿಧಾನ ಮಾಡಿ. 10 ಮೀಟರ್ ಒಳಗೆ ಬಾಣ ನೋಡಬೇಡಿ. ನಿಂತಲ್ಲಿ ಅದು ಸುಮ್ಮನೆ ಸುತ್ತುತ್ತದೆ. ಇಟ್ಟವರ ಸೆಟ್‌ನ ತಪ್ಪು ಐದು, ನಿಮ್ಮದು ಐದು ಎಂದು ಹಿಡಿದರೂ ಹತ್ತು ಮೀಟರಿನ ವೃತ್ತದಲ್ಲಿ ಕಣ್ಣೇ ಹುಡುಕಬೇಕು. ಮುರಕಲ್ಲಿನ ಗೋಡೆಯ ಸಂದಿಗೆ ಮೊದಲು ಕೋಲು, ಆಮೇಲೆ ಕೈ. ಹಾವುಗಳಿಗೂ ಅದೇ ಜಾಗ ಇಷ್ಟ. ಕ್ಯಾಶ್ ಸಿಕ್ಕರೆ ಸಹಿ ಹಾಕಲು ಪೆನ್ನು ನಿಮ್ಮದೇ ಬೇಕು, ಚಿಕ್ಕ ಡಬ್ಬದಲ್ಲಿ ಪೆನ್ನು ಹಿಡಿಯುವುದಿಲ್ಲ.

ನೀವೇ ಡಬ್ಬ ಇಡುವುದಾದರೆ ಇನ್ನೊಂದು ಕ್ಯಾಶ್‌ನಿಂದ ಕನಿಷ್ಠ 161 ಮೀಟರ್ ದೂರ ಇರಬೇಕು. ನಾಲ್ಕು ಕಡೆ ಲಾಕ್ ಆಗುವ, ಒಳಗೆ ಸಿಲಿಕೋನ್ ಸೀಲ್ ಇರುವ ಡಬ್ಬವೇ ಆಗಬೇಕು; ಐಸ್‌ಕ್ರೀಮ್ ಡಬ್ಬ ಜೂನ್ ದಾಟುವುದಿಲ್ಲ. ನಾಗಬನ, ದೈವಸ್ಥಾನದ ಅಂಗಳ, ಬಂದರು, ರಿಫೈನರಿ, ವಿಮಾನ ನಿಲ್ದಾಣದ ಬೇಲಿ ಹತ್ತಿರ ಬೇಡ. ಕೈಯಲ್ಲಿ ಜಿಪಿಎಸ್ ಹಿಡಿದು ಪೊದೆಯಲ್ಲಿ ಡಬ್ಬ ಅಡಗಿಸುವವರನ್ನು ಭದ್ರತಾ ಸಿಬ್ಬಂದಿ ಹೇಗೆ ನೋಡುತ್ತಾರೆ ಎಂದು ವಿವರಿಸಬೇಕಿಲ್ಲ. ಖಾಸಗಿ ತೋಟವಾದರೆ ಯಜಮಾನರ ಒಪ್ಪಿಗೆ ಮೊದಲು.

ಬೀಚಿಗೆ ಹೋಗಿ ಬಂದ ದಿನ ಸೆಟ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಬಾಗಿಲು ತೆಗೆಯಿರಿ. ಒಂದು ವಾರಕ್ಕಿಂತ ಹೆಚ್ಚು ಬಳಸದಿದ್ದರೆ ಸೆಲ್ ಹೊರಗೆ, ಸೆಟ್ ಸಿಲಿಕಾ ಜೆಲ್ ಡಬ್ಬದ ಒಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ಲಿನ ಬಣ್ಣ ಆಗಾಗ ನೋಡಿ. ಬದಲಾಗಿದ್ದರೆ ಮಣಿಗಳನ್ನು ಪೊಟ್ಟಣದಿಂದ ಬಿಡಿಸಿ ಒವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಕಾಯಿಸಿ ಮತ್ತೆ ಹಾಕಿ.